ಗುಬ್ಬಿಯ ವಯಸ್ಸು

"ನಿಮ್ಮೂರಿನ ಮಕ್ಕಳೆಲ್ಲ ಈ ಸಲ ವಯಸ್ಸಿಗೆ ತಕ್ಕ ಎತ್ತರ ಇದಾರಲ್ಲ, ಭೇಷ್" ಎಂದು ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. "ಇನ್ನು ನರ್ಸನ್ನ ಹೊಳೆಯಾಚೆ ಊರಿಗೆ ಹಾಕ್ತೀನಿ. ಪಾಪ, ಅಲ್ಲಿನ ಮಕ್ಕಳು ತುಂಬ ಸೊರಗಿದಾವೆ."

ಎದುರಿಗೆ ಕೂತಿದ್ದವಳು ಅಳತೆಯಕ್ಕ. ಗುಡ್ಡದ ಬುಡಕಟ್ಟಿನವರಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ಮಕ್ಕಳ ಆರೋಗ್ಯದ ಅಧ್ಯಯನಕ್ಕೆ ಬಂದ ಡಾಕ್ಟರಮ್ಮ ಅವಳ ಕೈಗೆ ತಕ್ಕಡಿ, ಎತ್ತರ ಅಳೆಯುವ ಹಲಗೆ, ಒಂದು ಕಟ್ಟು ಫಾರಂ ಕೊಟ್ಟಿದ್ದರು. ಅಂದಿನಿಂದ ಇಟ್ಟ ಹೆಸರು ಮೂಲೆ ಸೇರಿ, ಊರಿಗೆಲ್ಲ ಅವಳು ಅಳತೆಯಕ್ಕ.

ಎತ್ತರ, ತೂಕದಲ್ಲಿ ಅವಳು ಕೂದಲೆಳೆಯಷ್ಟೂ ಆಚೀಚೆ ಮಾಡಿದವಳಲ್ಲ. ಮಾಡಿದ್ದು ವಯಸ್ಸಿನಲ್ಲಿ. ಜನನಪತ್ರ ಯಾರ ಮನೆಯಲ್ಲೂ ಇರಲಿಲ್ಲ. ಅವಳು ಬರೆದದ್ದೇ ವಯಸ್ಸು. ಹಿಂದಿನ ಅಧ್ಯಯನದ ಸುದ್ದಿ ಪತ್ರಿಕೆಗೆ ಬಂದು, ಪೇಟೆಯ ಶಾಲೆಯಲ್ಲಿ ಗುಡ್ಡದ ಮಕ್ಕಳಿಗೆ 'ಕುಳ್ಳರ ದಂಡು' ಎಂಬ ಹೆಸರು ಅಂಟಿಕೊಂಡಿತ್ತು. ಆ ಉರಿ ಅವಳಲ್ಲಿನ್ನೂ ಆರಿರಲಿಲ್ಲ. ಹಾಗಾಗಿ ಐದು ತುಂಬಿದ ಮಗು ಫಾರಮ್ಮಿನಲ್ಲಿ ನಾಲ್ಕಾಯಿತು, ನಾಲ್ಕು ಮೂರಾಯಿತು; ಅಷ್ಟೇ ಎತ್ತರ ಈಗ ವಯಸ್ಸಿಗೆ ತಕ್ಕದ್ದೆನಿಸಿತು. ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ಮಾನ ಉಳಿಸಲು ಹೊರಟವಳಿಗೆ, ನರ್ಸ್ ವಾರವಾರ ತರುವ ಪುಷ್ಟಿಯ ಹಿಟ್ಟಿಗೂ ಔಷಧಿಗೂ ತಾನೇ ಕಲ್ಲು ಹಾಕುತ್ತಿದ್ದೇನೆಂದು ಡಾಕ್ಟರಮ್ಮನ ಮಾತು ಕೇಳುವವರೆಗೆ ಹೊಳೆದಿರಲಿಲ್ಲ.

"ಡಾಕ್ಟರೇ, ನಾನು ವಯಸ್ಸು ಕಡಿಮೆ ಬರೆದಿದೀನಿ."

"ಯಾವ ಮಗೂದು?"

"ಎಲ್ಲಾರ್ದೂ."

ಡಾಕ್ಟರಮ್ಮ ಫಾರಂಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನಾಳೆಯಿಂದ ಎಲ್ಲಾ ಮತ್ತೆ ಅಳೀರಿ" ಎಂದರು. "ನರ್ಸ್ ಜೊತೇಲಿರ್ತಾರೆ. ಬರೆಯೋದು ಅವರೇ."

ಮರುದಿನ ಬೆಳಗ್ಗೆ ಮೊದಲು ಹೊಕ್ಕಿದ್ದು ಅವಳ ಒಡಹುಟ್ಟಿದ ಅಕ್ಕನ ಮನೆ. ಅಕ್ಕನ ಮಗಳು ಗುಬ್ಬಿ ಓಡಿ ಬಂದು, ಪಳಗಿದವಳಂತೆ ಹಲಗೆಗೆ ಬೆನ್ನು ಕೊಟ್ಟು ನಿಂತಳು. ನರ್ಸ್ ಎತ್ತರ ಬರೆದುಕೊಂಡು ವಯಸ್ಸು ಕೇಳಿದಳು.

"ನಾಲ್ಕು ವರ್ಷ, ಐದು ತಿಂಗಳು" ಎಂದಳು ಅಳತೆಯಕ್ಕ. ಆ ಹೆರಿಗೆಯಲ್ಲಿ ಬಿಸಿನೀರು ಕಾಯಿಸಿದವಳು ಅವಳೇ.

ನರ್ಸ್ ಚಾರ್ಟಿನ ಮೇಲೆ ಚುಕ್ಕೆಯಿಟ್ಟಳು. ಆ ವಯಸ್ಸಿಗೆ ಇರಬೇಕಾದ ಎತ್ತರದ ಗೆರೆಗಿಂತ ಅದು ಬಹಳ ಕೆಳಗೆ ಬಿತ್ತು. "ಮಗು ಬೆಳೀತಾನೇ ಇಲ್ವಲ್ಲಮ್ಮ. ಆಸ್ಪತ್ರೆಗೆ ಯಾಕೆ ತೋರಿಸ್ಲಿಲ್ಲ?"

ಅಕ್ಕ ತಂಗಿಯ ಕಡೆ ತಿರುಗಿದಳು. "ಎರಡು ತಿಂಗಳ ಹಿಂದೆ ನಿನ್ನ ಕೇಳಿದ್ನಲ್ಲೇ. ಇವಳು ಯಾಕೋ ಇದ್ದಹಾಗೇ ಇದಾಳೆ, ಡಾಕ್ಟರಿಗೆ ತೋರಿಸ್ಲಾ ಅಂತ. ಗೆರೆ ಮೇಲೇ ಇದಾಳೆ, ಸುಮ್ನಿರಕ್ಕ ಅಂದೆ." ದನಿ ಏರಲಿಲ್ಲ. "ಓದಿದವಳು ನೀನು. ನಾನು ನಂಬಿ ಸುಮ್ನಾದೆ."

ಅಳತೆಯಕ್ಕನಿಗೆ ನಾಚಿಕೆಯಿಂದ ಮೈಯೆಲ್ಲ ಬೆಂದಂತಾಯಿತು.

"ಎರಡನೇ ಸಲ ಅಳೀಬೇಕು" ಎಂದಳು ನರ್ಸ್ ಮೆಲ್ಲಗೆ. ಪ್ರತಿ ಮಗುವನ್ನೂ ಎರಡು ಸಲ ಅಳೆಯುವುದು ಕ್ರಮ.

ದೊಡ್ಡವರ ಮುಖಗಳನ್ನೇ ನೋಡುತ್ತಿದ್ದ ಗುಬ್ಬಿ ಮತ್ತೆ ಹಲಗೆಗೆ ಬೆನ್ನು ಕೊಟ್ಟಳು. ಈ ಸಲ ಉಸಿರು ಬಿಗಿಹಿಡಿದು, ಕತ್ತು ಚಾಚಿ, ತುದಿಗಾಲಲ್ಲಿ ನಿಂತಳು. ಚಿಕ್ಕಮ್ಮ ಅವಳ ಮುಂದೆ ಮಂಡಿಯೂರಿ ಕೂತು, ಎರಡೂ ಪುಟ್ಟ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿದಳು.