ಹುಡುಕಿದರೂ ಸಿಗದ ಕುರ್ಚಿ

ನಹ್ಲಾ ಆ ಬೆಳಿಗ್ಗೆ ಮತ್ತೊಮ್ಮೆ "ದುಮ್ಯಾತ್ ಕೆತ್ತನೆ ಕುರ್ಚಿ" ಎಂದು ಬರೆದು ಗೂಗಲ್‌ನಲ್ಲಿ ಹುಡುಕಿದಳು. ದೊಡ್ಡಪ್ಪನ ಮಗ ಮಿತ್ವಲ್ಲಿಯ ಅಂಗಡಿ ಬಂತು. ಮಿತ್ವಲ್ಲಿಯ ಭಾಮೈದನ ಅಂಗಡಿ ಬಂತು. ಕುರ್ಚಿಗೆ ಸಂಬಂಧವೇ ಇಲ್ಲದ ಮೀನಿನ ಹೋಟೆಲೊಂದೂ ಬಂತು. ಅಪ್ಪನ ಕಾರ್ಖಾನೆ ಮಾತ್ರ ಎಲ್ಲೂ ಇರಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಮಿತ್ವಲ್ಲಿ ಮನೆಗೆ ಬರುವವನಿದ್ದ. ಅಪ್ಪನ ಜೊತೆ ಕೂತು, ಮಾತು ಮುರಿಯದಿರಲೆಂದು ಓದುವ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಿದರೆ ಪಾಲುದಾರಿಕೆ ಪಕ್ಕಾ. ಆಮೇಲೆ ಹೆಸರು ಅಪ್ಪನದು, ಯಜಮಾನಿಕೆ ಮಿತ್ವಲ್ಲಿಯದು, ನಹ್ಲಾಳಿಗೆ ಚಹಾ ಸೋಸುವ ಕೆಲಸ. "ನಿನ್ನ ವೆಬ್‌ಸೈಟಿಂದ ಗಿರಾಕಿ ಬಂದ್ರೆ ಕಾರ್ಖಾನೆ ನಿನಗೆ, ಬರದಿದ್ರೆ ಅವನಿಗೆ" ಎಂದು ಅಪ್ಪ, ಶಹಾತಾ ಮೇಸ್ತ್ರಿ, ಹೇಳಿಬಿಟ್ಟಿದ್ದರು.

ಅವಳು ಮಾಡದ ಕೆಲಸವಿರಲಿಲ್ಲ. ಪ್ರತಿ ಪುಟದ ಶೀರ್ಷಿಕೆ ಟ್ಯಾಗ್‌ನಲ್ಲೂ ಬರೀ "ಮುಖಪುಟ" ಎಂದಿದ್ದದ್ದನ್ನು ಅಳಿಸಿ, ಕುರ್ಚಿಯ ಪುಟಕ್ಕೆ ಕುರ್ಚಿ, ಮಂಚದ ಪುಟಕ್ಕೆ ಮಂಚ ಎಂದು ಊರಿನ ಹೆಸರಿನ ಸಮೇತ ಬರೆದಿದ್ದಳು. ವಿವರಣೆಯ ಟ್ಯಾಗ್‌ನಲ್ಲಿ ಚೊಕ್ಕವಾಗಿ ಎರಡು ವಾಕ್ಯ ಕೂರಿಸಿದ್ದಳು. ಗೂಗಲ್‌ಗೆ ಫೋಟೋಗಿಂತ ಅಕ್ಷರವೇ ಚೆನ್ನಾಗಿ ಅರ್ಥವಾಗುತ್ತದೆ ಎಂದು ಒಂದೊಂದು ಚಿತ್ರಕ್ಕೂ "ಬೀಚ್ ಮರ, ದ್ರಾಕ್ಷಿ ಬಳ್ಳಿಯ ಕೆತ್ತನೆ" ಎಂಬಂಥ ಮಾತು ಸೇರಿಸಿದ್ದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಅಳು ಬರುವಷ್ಟು ಸಿಟ್ಟು ಬಂತು.

ಸಿಟ್ಟಿನಲ್ಲೇ ಪುಟದ ಹಿಂದಿನ ಕೋಡ್ ಬರಹವನ್ನು ಮೊದಲಿಂದ ಓದುತ್ತ ಹೋದಳು. ತಲೆಭಾಗದಲ್ಲೊಂದು ಪುಟ್ಟ ಟ್ಯಾಗ್ ಕಂಡಿತು. ಹುಡುಕುವವರಿಗೆ ಈ ಪುಟ ತೋರಿಸಬೇಡ ಎಂದು ಗೂಗಲ್‌ಗೆ ಕೊಟ್ಟ ಅಪ್ಪಣೆ ಅದು. ಪ್ರತಿ ಪುಟದಲ್ಲೂ ಇತ್ತು.

ಅವಳು ಸೀದಾ ಕಾರ್ಖಾನೆಗೆ ನಡೆದಳು.

"ಅಪ್ಪಾ, ಸೈಟು ಮಾಡಿದ ಹೈಸಮ್‌ಗೆ ನೀವೇನಾದ್ರೂ ಹೇಳಿದ್ರಾ?"

ಮೇಸ್ತ್ರಿ ಉಳಿಯಿಂದ ಕಣ್ಣೆತ್ತಲಿಲ್ಲ. "ಹೇಳ್ದೆ. ನಮ್ಮ ಡಿಸೈನು ಮಿತ್ವಲ್ಲಿ ಕಣ್ಣಿಗೆ ಬೀಳಬಾರದು, ಬೀಗ ಹಾಕು ಅಂದೆ. ಹಾಕಿದಾನಲ್ಲ? ಒಳ್ಳೇ ಹುಡುಗ."

ಕೈರೋದ ಮದುವೆಮನೆಗಳಿಗೆಲ್ಲ ಮಂಚ ಕುರ್ಚಿ ಕಳಿಸುವ ಊರು ದುಮ್ಯಾತ್. ಹೊಸ ಕೆತ್ತನೆ ಶುರುವಾದರೆ ಕಿಟಕಿಗೆ ಹಲಗೆ ಬಡಿಯುತ್ತಾರೆ, ಬೀಗರು ಬಂದರೂ ಹೊಸ್ತಿಲಾಚೆಯೇ ಮಾತಾಡಿಸಿ ಕಳಿಸುತ್ತಾರೆ. ಇವತ್ತು ಕಣ್ಣಿಗೆ ಬಿದ್ದದ್ದು ನಾಳೆ ಪಕ್ಕದ ಓಣಿಯಲ್ಲಿ ಅರ್ಧ ಬೆಲೆಗೆ ನಿಂತಿರುತ್ತದೆ. ನಹ್ಲಾಳಿಗೆ ಇದೆಲ್ಲ ಗೊತ್ತು. ಆದರೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಅಂಗಡಿ ತೆಗೆದು ಬೋರ್ಡಿಗೆ ಬಟ್ಟೆ ಮುಚ್ಚಿದ ಹಾಗಾಯ್ತಲ್ಲ. ಗಿರಾಕಿ ಹೇಗೆ ಬರ್ತಾನೆ?"

"ಬೇಕಾದವನು ವಿಳಾಸ ಕೇಳ್ಕೊಂಡು ಬರ್ತಾನೆ."

"ಯಾರನ್ನ ಕೇಳ್ತಾನೆ? ಮಿತ್ವಲ್ಲೀನ?"

ಮೇಸ್ತ್ರಿ ಉಳಿ ಮಸೆಯತೊಡಗಿದರು. ಅವಳೂ ಅನುಮತಿಗೆ ಕಾಯಲಿಲ್ಲ. ಆ ಸಾಲನ್ನು ಎಲ್ಲ ಪುಟಗಳಿಂದ ಕಿತ್ತುಹಾಕಿ, ಇನ್ನೊಮ್ಮೆ ಬಂದು ನೋಡು ಎಂದು ಗೂಗಲ್‌ಗೆ ಕೋರಿಕೆ ಕಳಿಸಿದಳು. ಮಂಗಳವಾರ ಹುಡುಕಿದರೆ ಕಾರ್ಖಾನೆಯ ಹೆಸರಿಲ್ಲ, ಬುಧವಾರವೂ ಇಲ್ಲ. ಗುರುವಾರ ನೋಡುವ ಧೈರ್ಯವಾಗದೆ ಫೋನು ಮಗುಚಿಟ್ಟಳು.

ಶುಕ್ರವಾರ ಮಿತ್ವಲ್ಲಿ ಮಿಶಬ್ಬಿಕ್ ಸಿಹಿಯ ಡಬ್ಬಿ ಹಿಡಿದು ಬಂದ. ನಹ್ಲಾ ಚಹಾದ ಲೋಟವನ್ನು ಬೇಕೆಂದೇ ಸದ್ದಾಗುವಂತೆ ಇಟ್ಟಳು.

"ಚಿಕ್ಕಪ್ಪಾ, ಫಾತಿಹಾ ಓದೋಕೆ ಮುಂಚೆ ಒಂದು ಮಾತು. ಆ ಸೈಟು ಮುಚ್ಚಿಸಿಬಿಡಿ" ಎಂದ ಮಿತ್ವಲ್ಲಿ.

"ಯಾಕಪ್ಪಾ?"

"ನಿನ್ನೆಯಿಂದ ನನ್ನ ಗಿರಾಕಿಗಳು ಫೋನು ಹಿಡ್ಕೊಂಡು ಬರ್ತಿದ್ದಾರೆ. ಈ ಬಳ್ಳಿ ಕುರ್ಚಿ ನೀನು ಮಾಡ್ತೀಯೋ, ಇಲ್ಲಾ ಅವರ ಹತ್ರಾನೇ ಹೋಗ್ಲೋ ಅಂತಾರೆ. ಹುಡುಕಿದ್ರೆ ನನಗಿಂತ ಮೇಲೆ ನಿಮ್ಮದು ಬರುತ್ತೆ. ಒಂದೇ ಮನೆಗೆ ಎರಡು ಬಾಗಿಲು ಯಾಕೆ ಹೇಳಿ?"

ಫಾತಿಹಾಕ್ಕೆಂದು ಎತ್ತಬೇಕಿದ್ದ ಅಂಗೈಗಳನ್ನು ಮೇಸ್ತ್ರಿ ಮಂಡಿಯ ಮೇಲೆ ಊರಿಕೊಂಡರು. "ಚಹಾ ಕುಡಿದು ಹೊರಡು ಮಿತ್ವಲ್ಲಿ. ಇನ್ಮೇಲೆ ಕಾರ್ಖಾನೆ ಮಾತೇನಿದ್ರೂ ನಹ್ಲಾ ಹತ್ರ ಆಡು."

ಅವನು ಹೋದ ಮೇಲೆ ನಹ್ಲಾ ತುಂಬಿದ ಕಣ್ಣಲ್ಲೇ ಅಪ್ಪನ ಮುಖ ನೋಡಿದಳು. ಒಂದು ಒಳ್ಳೆಯ ಮಾತು ಬಂದರೆ ಸಾಕಾಗಿತ್ತು.

"ಆ ಬೀಗ ಎಷ್ಟು ದಿನದಿಂದ ಇತ್ತು?" ಎಂದರು ಮೇಸ್ತ್ರಿ.

"ಎರಡು ವರ್ಷದಿಂದ."

ಮೇಸ್ತ್ರಿಗೆ ರೇಗಿಹೋಯಿತು. "ಎರಡು ವರ್ಷ ಅಂಗಡಿ ಮುಚ್ಚಿತ್ತು. ಅಲ್ಲೀತನಕ ನೀನು ಏನ್ಮಾಡ್ತಾ ಇದ್ದೆ?"