ಕೆಂಪು ಪೆನ್ಸಿಲಿನ ನಕ್ಷೆ

ನಾನು ಒಂದು ನಕ್ಷೆ. ಹುಬ್ಬಳ್ಳಿಯ ಪ್ರಿಂಟಿಂಗ್ ಅಂಗಡಿಯೊಂದರ ಯಂತ್ರದಿಂದ ಬೆಚ್ಚಗೆ ಹೊರಬಿದ್ದಾಗ ನನ್ನ ಬೆನ್ನಿಗೇ ಇನ್ನೊಂದು ಹಾಳೆ ಬಂತು, ನನ್ನ ಅವಳಿ. ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರ ನೀರಿನ ಪೈಪು, ಕರೆಂಟಿನ ಕೇಬಲ್ಲು ನೆಲದಡಿಯಲ್ಲಿ ಎಲ್ಲೆಲ್ಲಿ ಹೋಗಬೇಕೆಂಬುದು ನಮ್ಮಿಬ್ಬರ ಮೈಮೇಲೂ ಒಂದೇ ತೆರನಾಗಿ ಮೂಡಿತ್ತು. ಅವಳಿಯನ್ನು ಸುರುಳಿ ಸುತ್ತಿ ಕೊಳವೆಯೊಳಗೆ ಜೋಪಾನ ಮಾಡಿದರು. ನನ್ನನ್ನು ಸೈಟಿಗೆ ಒಯ್ದು ತಗಡಿನ ಆಫೀಸಿನಲ್ಲಿ ನೇತುಹಾಕಿದರು.

ಅಲ್ಲಿ ನನ್ನನ್ನು ನೋಡಿಕೊಂಡವಳು ಶಾಂಭವಿ, ಆಗಷ್ಟೇ ಓದು ಮುಗಿಸಿ ಬಂದ ಸೈಟ್ ಎಂಜಿನಿಯರ್. ಅಷ್ಟು ಗಂಡಸರ ನಡುವೆ ಅವಳ ದನಿ ಏಳುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಮೇಲೆ ಬರೆಯುತ್ತಿದ್ದಳು. ಕಟ್ಟುವಾಗ ಯಾವುದೂ ಕಾಗದದಲ್ಲಿದ್ದ ಹಾಗೆ ನಡೆಯುವುದಿಲ್ಲವಷ್ಟೆ. ಪೈಪು ಒಂದಡಿ ಸರಿದರೂ ಅವಳ ಕೆಂಪು ಪೆನ್ಸಿಲ್ಲು ನನ್ನ ಮೈಮೇಲೆ ಗೆರೆ ಎಳೆಯುತ್ತಿತ್ತು. ಪಕ್ಕದಲ್ಲಿ ಅಳತೆ, ತಾರೀಖು, ಪುಟ್ಟ ಸಹಿ. ಸಿಮೆಂಟಿನ ಧೂಳು ಕೂತರೆ ತನ್ನ ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು.

ನನ್ನಲ್ಲಿದ್ದಂತೆ ಕೇಬಲ್ಲಿಗಾಗಿ ಕಾಂಪೌಂಡ್ ಗೋಡೆಯ ಗುಂಟ ಅಗೆಯುವಾಗ ಒಂದು ಬಂಡೆ ಸಿಕ್ಕಿತು. ಎರಡು ದಿನ ಬಡಿದರೂ ಜಗ್ಗಲಿಲ್ಲ. ಹಿರಿಯ ಎಂಜಿನಿಯರ್ ಕುಬೇರಪ್ಪ ಸಾಹೇಬರು ಕೇಬಲ್ಲನ್ನು ಒಳಕ್ಕೆ ತಿರುಗಿಸಿ, ಮುಂದೆ ಕೈತೋಟವಾಗುವ ಜಾಗದ ಅಡಿಯಲ್ಲಿ ಹಾಯಿಸಲು ಹೇಳಿದರು. ಶಾಂಭವಿ ತಾನೇ ಕಾಲುವೆಗಿಳಿದು ಟೇಪು ಹಿಡಿದಳು. “ಬಂಡೆ ಬಂತು. ಕೇಬಲ್ ಎಂಟು ಅಡಿ ಒಳಗೆ” ಎಂದು ಬರೆದು, ಆ ಗೆರೆಯನ್ನು ಎರಡು ಸಲ ಒತ್ತಿ ಎಳೆದಳು. ಇಷ್ಟು ನಂಬಿಕೆಯಿಂದ ನನ್ನನ್ನು ಮತ್ಯಾರೂ ಮುಟ್ಟಿಲ್ಲ.

ಕಟ್ಟಡ ಒಪ್ಪಿಸಿಕೊಡುವ ವಾರ ಬಂತು. ಲಿಫ್ಟಿನ ಗ್ಯಾರಂಟಿ, ಪರೀಕ್ಷೆಯ ವರದಿಗಳು, ಬೀಗದ ಕೈಗಳ ಪಟ್ಟಿ ಎಲ್ಲ ಫೈಲು ಸೇರಿದವು. ಕಟ್ಟಿದ್ದನ್ನು ಕಟ್ಟಿದಂತೆಯೇ ತೋರಿಸುವ ನಕ್ಷೆಯೊಂದು ಬಾಕಿ ಇತ್ತು. ಅದಕ್ಕೆ ಅವರು ‘ಆಸ್ ಬಿಲ್ಟ್’ ಅನ್ನುತ್ತಾರೆ. ನನ್ನ ಕೆಂಪು ಗೆರೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಹೊಸ ಪ್ರಿಂಟ್ ತೆಗೆಯಬೇಕು. ನಾಲ್ಕು ದಿನದ ಕೆಲಸ. ಕುಬೇರಪ್ಪನವರು ನನ್ನ ಅವಳಿಯನ್ನು ಕೊಳವೆಯಿಂದ ಎಳೆದು ಮೇಜಿನ ಮೇಲೆ ಹರಡಿದರು. ಮೂಲೆಯಲ್ಲಿ ‘ಆಸ್ ಬಿಲ್ಟ್’ ಮೊಹರು ಒತ್ತಿದರು.

“ಸರ, ಇದರಾಗ ಕೇಬಲ್ ಕಾಂಪೌಂಡ್ ಗುಂಟನ ಐತ್ರಿ,” ಅಂದಳು ಶಾಂಭವಿ.

“ಗೊತ್ತೈತಿ ತಂಗಿ. ನಾಳೆ ಫೈಲ್ ಹೋಗಬೇಕು. ಸದ್ಯಕ್ಕ ಸಹಿ ಮಾಡು. ಆಮ್ಯಾಲ ತಿದ್ದಿದ್ದು ಇಟ್ಟು ಇದನ್ನ ತಗದರಾತು. ಎಲ್ಲಾ ಸೈಟಿನ್ಯಾಗೂ ಹಿಂಗ ಮಾಡ್ತಾರ.”

ಅವಳು ಮೊಹರಿನ ಕೆಳಗೆ ಸಹಿ ಮಾಡಿದಳು. ನನಗೆ ಬೇಸರವಾಗಲಿಲ್ಲ. ಆಮೇಲೆ ಅಂದರೆ ನಾಡಿದ್ದು ಎಂದೇ ನಂಬಿದ್ದೆ.

ಆ ಆಮೇಲೆ ಬರಲೇ ಇಲ್ಲ. ಶಾಂಭವಿಯನ್ನು ಗದಗಿನ ಸೈಟಿಗೆ ಹಾಕಿದರು. ಯಾರೋ ಫೈಲುಗಳನ್ನು ನನ್ನಲ್ಲೇ ಸುತ್ತಿ ಹಾಸ್ಟೆಲ್ಲಿಗೆ ಕಳಿಸಿದರು. ವಾರ್ಡನ್ ಗುರುಬಾಯಿಯವರು ಕಟ್ಟು ಬಿಚ್ಚಿ, ಗಟ್ಟಿ ಕಾಗದವೆಂದು ಮೆಚ್ಚಿ, ನನ್ನನ್ನು ಕಪಾಟಿನ ಹಲಗೆಗೆ ಹಾಸಿದರು. ಫೈಲುಗಳು ನನ್ನ ಮೇಲೆ ಕುಳಿತವು. ಅವುಗಳಲ್ಲೊಂದರೊಳಗೆ ಮೊಹರು ಹೊತ್ತ ನನ್ನ ಅವಳಿ.

ಒಂದೂವರೆ ವರ್ಷದ ಮೇಲೆ ಕೈತೋಟದಲ್ಲಿ ನೀರಿನ ಪೈಪು ಸೋರತೊಡಗಿತು. ಹಾಸ್ಟೆಲ್ಲಿನ ಪ್ಲಂಬರ್ ದ್ಯಾಮಣ್ಣ ನೋಡದೆ ಗುದ್ದಲಿ ಹಾಕುವವನಲ್ಲ. “ಮೊದ್ಲ ನಕ್ಷಿ ತೋರಸ್ರಿ ಅಕ್ಕಾರ. ಕಣ್ಣು ಮುಚಿಗೊಂಡು ಅಗಿಯೋ ಮಂದಿ ಬ್ಯಾರೆ ಅದಾರ,” ಎಂದು ನಗುತ್ತ ಕೇಳಿದ. ಗುರುಬಾಯಿಯವರು ಅವಳಿಯನ್ನು ತೆಗೆದುಕೊಟ್ಟರು. ಅವನು ಗೆರೆಗಳ ಮೇಲೆ ಬೆರಳಾಡಿಸಿ, ತೋಟದ ಅಡಿಯಲ್ಲಿ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದ. ಕಪಾಟಿನೊಳಗೆ ನಾನು ಸುಮ್ಮನೆ ಬಿದ್ದಿದ್ದೆ. ಕಾಗದಕ್ಕೆ ಬಾಯಿಲ್ಲ.

ಹಾರೆ ಕೇಬಲ್ಲಿಗೆ ತಾಗಿತು. ದ್ಯಾಮಣ್ಣನ ಜೀವ ಉಳಿಯಿತು, ಬಲಗೈ ಸುಟ್ಟಿತು.

ಹಾಸ್ಟೆಲ್ ನಡೆಸುವ ಟ್ರಸ್ಟಿನವರು ಕುಬೇರಪ್ಪನವರನ್ನೂ ಗದಗಿನಿಂದ ಶಾಂಭವಿಯನ್ನೂ ವಾರ್ಡನ್ ಕೋಣೆಗೆ ವಿಚಾರಣೆಗೆ ಕರೆಸಿದರು. ಕುಬೇರಪ್ಪನವರು ತಡವರಿಸಲಿಲ್ಲ. ತಾವು ಕೇಬಲ್ ಹಾಕಿದ್ದು ನಕ್ಷೆಯಲ್ಲಿರುವ ಕಡೆಯೇ ಎಂದರು. ತೋಟಕ್ಕೆ ಪೈಪು ಎಳೆಯುವಾಗ ದ್ಯಾಮಣ್ಣನೇ ಕೇಬಲ್ಲನ್ನು ಸರಿಸಿ ಮುಚ್ಚಿಟ್ಟಿರಬೇಕೆಂದೂ ಸೇರಿಸಿದರು. ಬಾಗಿಲ ಬಳಿ ಬ್ಯಾಂಡೇಜಿನ ಕೈ ಎದೆಗೊತ್ತಿಕೊಂಡು ನಿಂತಿದ್ದ ದ್ಯಾಮಣ್ಣ ಅಂದ: “ನಾ ಬರೂ ಮುಂಚೇನ ಅದು ಅಲ್ಲಿತ್ರಿ. ಬೇಕಾದ್ರ ಈ ಮೇಡಮ್ಮಾರನ್ನ ಕೇಳ್ರಿ, ಇದ್ದು ಕಟ್ಟಿಸಿದವ್ರು ಅವರ.”

ಬೇರೆ ನಕ್ಷೆ ಇದೆಯೇನು ನೋಡಮ್ಮ ಎಂದು ಶಾಂಭವಿಯನ್ನು ಕಪಾಟಿಗೆ ಕಳಿಸಿದರು. ಅವಳು ಫೈಲುಗಳನ್ನು ಒಂದೊಂದಾಗಿ ಎತ್ತಿದಳು. ಅಡಿಯಲ್ಲಿ ನಾನು.

ಅವಳ ಅಕ್ಷರ, ಅವಳ ತಾರೀಖು. ಅವಳ ಬೆರಳು ಎಂಟು ಅಡಿಯ ಆ ಗೆರೆಯ ಮೇಲೆ ನಿಂತಿತು. ಈಗ ಎಳೆಯುತ್ತಾಳೆ, ಈಗ ಎತ್ತಿ ತೋರಿಸುತ್ತಾಳೆ ಅಂದುಕೊಂಡೆ. ನಾನು ಹೊರಬಂದರೆ ದ್ಯಾಮಣ್ಣ ನಿರಪರಾಧಿ. ಆದರೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಅವಳಿಯ ಮೇಲೂ ಇದೇ ಸಹಿ ಇತ್ತು. ಅವಳು ಅತ್ತ ನೋಡಿದಳು. ಇತ್ತ ನೋಡಿದಳು.

“ಸಿಕ್ತೇನ್ವಾ?” ಗುರುಬಾಯಿಯವರು ಕೇಳಿದರು.

“ಇಲ್ರಿ,” ಅಂದಳು. “ಫೈಲಿನ್ಯಾಗ ಇದ್ದದ್ದ ಖರೇರಿ.”

ನನ್ನ ಮೇಲೆ ಫೈಲುಗಳನ್ನು ಮರಳಿ ಜೋಡಿಸಿದಳು. ಆ ಹೊತ್ತಿನಲ್ಲೂ ಅಂಚು ಮಡಚಿಕೊಳ್ಳದ ಹಾಗೆ, ಮೆಲ್ಲಗೆ.

ದ್ಯಾಮಣ್ಣನನ್ನು ಕೆಲಸದಿಂದ ತೆಗೆದರು. ಕುಬೇರಪ್ಪನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನನ್ನು ಎಂದೂ ಓದಿದವರಲ್ಲ. ಬರೆದವಳೇ ನನ್ನನ್ನು ಗುರುತಿಸಿ, ಇಲ್ಲ ಅಂದಳಲ್ಲ, ಅದನ್ನು ಎಲ್ಲಿಡಲಿ? ಆ ಗೆರೆಯಲ್ಲದೆ ನನ್ನ ಮೈಮೇಲೆ ಇನ್ನೂ ಹದಿನಾರು ಕೆಂಪು ಗುರುತುಗಳಿವೆ. ಮೊನ್ನೆ ಹೊಸ ಪ್ಲಂಬರ್ ಬಂದಿದ್ದ. ಅವನೂ ಅಗೆಯುವ ಮುನ್ನ ನಕ್ಷೆ ಕೇಳಿದ. ಗುರುಬಾಯಿಯವರು ಕಪಾಟು ತೆರೆದು, ಮೊಹರಿದ್ದದ್ದನ್ನೇ ಹುಡುಕಿ ಕೊಟ್ಟರು.