ನಾನು ಹಾಕಿದ ಒಂಬತ್ತು ರುಜು

ನನ್ನ ಮಗಳು ಮರಿವಿಕ್, ಮೆಡಿಕಲ್ ಕಾಲೇಜಿಗೆ ಹಾಕಿದ ಅರ್ಜಿಯಲ್ಲಿ ಒಂದು ತಪ್ಪಿತ್ತು. ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅವಳ ಕಡೆ ಬೆರಳು ತೋರಿಸುವುದು ಬೇಡ.

ಇಲೊಯಿಲೊ ಊರಂಚಿನ ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳ ತೂಕ ನೋಡುವವಳು ನಾನು. ವಾರಕ್ಕೆ ಮೂರು ಬೆಳಗ್ಗೆ, ಸಲಕ್ಕೆ ನಾಲ್ಕು ಗಂಟೆ. ಮರಿವಿಕ್ ಕೂಡ ಅಲ್ಲೇ ಸೇವೆ ಮಾಡಿದಳು. ಇನ್ನೂರು ಗಂಟೆ ಸೇವೆ ಇಲ್ಲದವರ ಅರ್ಜಿಯನ್ನು ಆ ಕಾಲೇಜಿನವರು ಮುಟ್ಟುವುದೇ ಇಲ್ಲ. ನಮ್ಮಲ್ಲೊಂದು ಪದ್ಧತಿ ಇದೆ: ಯಾರಾದರೂ ಹುಷಾರು ತಪ್ಪಿದರೆ ಉಳಿದವರು ಅವಳ ಕೆಲಸ ಹಂಚಿಕೊಳ್ಳುತ್ತೇವೆ, ಹಾಜರಿ ಪುಸ್ತಕದಲ್ಲಿ ಅವಳ ರುಜುವನ್ನೂ ಹಾಕಿಬಿಡುತ್ತೇವೆ. ಕೆಲಸ ನಿಂತಿಲ್ಲವಲ್ಲ, ಹೆಸರೇಕೆ ಬಿಡಬೇಕು? ಹೋದ ವರ್ಷ ಮರಿವಿಕ್ ಡೆಂಗಿ ಬಂದು ಮೂರು ವಾರ ಮಲಗಿದ್ದಾಗ ಒಂಬತ್ತು ದಿನವೂ ಅವಳ ರುಜು ಹಾಕಿದ್ದು ನಾನೇ. ಅರ್ಜಿಗೆ ಗಂಟೆಗಳನ್ನು ಕೂಡಿಸಿ ಕೊಟ್ಟವಳೂ ನಾನೇ. ಇನ್ನೂರ ಹನ್ನೆರಡು.

ಸಂದರ್ಶನಕ್ಕೆ ನಾಲ್ಕು ದಿನ ಇರುವಾಗ ಅವಳು ಹಾಜರಿ ಪುಸ್ತಕದ ಜೆರಾಕ್ಸ್ ಮತ್ತು ಆಸ್ಪತ್ರೆಯ ಚೀಟಿ ಹಿಡಿದು ಅಡುಗೆಮನೆಗೆ ಬಂದಳು.

“ಅಮ್ಮಾ, ಈ ದಿನ ನಾನು ಡ್ರಿಪ್ ಹಾಕಿಸ್ಕೊಂಡು ಮಲಗಿದ್ದೆ. ಇದ್ರಲ್ಲಿ ನೋಡಿದ್ರೆ ಮಕ್ಕಳ ತೂಕ ನೋಡ್ತಾ ಇದ್ದೀನಿ.”

“ಎಲ್ಲರಿಗೂ ಹಾಗೇ ಹಾಕ್ತೀವಿ ಕಣೇ. ಯಾರು ನೋಡ್ತಾರೆ?”

“ನಾನು ನೋಡಿದ್ನಲ್ಲ.”

ಆ ದಿನಗಳನ್ನು ಕಳೆದರೆ ಉಳಿಯುವುದು ನೂರ ಎಪ್ಪತ್ತಾರು. ಇನ್ನೂರಕ್ಕೆ ಇಪ್ಪತ್ತನಾಲ್ಕು ಕಡಿಮೆ.

“ಸುಮ್ನಿರೇ ಮಹರಾಯ್ತಿ! ಚಿಕ್ಕವಳಿದ್ದಾಗಿಂದ ಡಾಕ್ಟರಾಗ್ತೀನಿ ಅಂತ ನನ್ನ ಪ್ರಾಣ ತಿಂದೆ. ಈಗ ನಿನ್ನ ಕೈಯಾರೆ ಮಣ್ಣು ಹಾಕ್ಕೋತೀಯಾ?”

ಒಮ್ಮೆ ಕಳಿಸಿದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತಿದ್ದಲು ಬರುತ್ತಿರಲಿಲ್ಲ. ಅದಕ್ಕೇ ಅವಳು ಒಂದು ಪತ್ರ ಬರೆದು, ಎರಡೂ ಕಾಗದ ಲಗತ್ತಿಸಿ, ತಾನೇ ಕಾಲೇಜಿಗೆ ಹೋಗಿ ಕೊಟ್ಟು ಬಂದಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಮೀನು ಹುರಿದು ತಟ್ಟೆಯನ್ನು ಅವಳ ಮುಂದೆ ಕುಕ್ಕಿದೆ. ಅವಳು ಚೆನ್ನಾಗಿಯೇ ಉಂಡಳು, ಕಳ್ಳಿ.

ಸಂದರ್ಶನದ ದಿನ ಸೆಕೆಗೆ ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದರು. ನಾನು ಹೊರಗಿನ ಬೆಂಚಿನಲ್ಲಿದ್ದೆ. ಕನ್ನಡಕದ ಡಾಕ್ಟರಮ್ಮ ಪತ್ರ ಎತ್ತಿಕೊಂಡರು.

“ಈ ರುಜುಗಳನ್ನ ಹಾಕಿದ್ದು ಯಾರಮ್ಮಾ?”

“ಅರ್ಜಿ ನಂದು ಮೇಡಂ. ನೋಡಿ ಕಳಿಸಬೇಕಾಗಿದ್ದು ನಾನು.”

“ನಾನು ಕೇಳಿದ್ದು ಅದಲ್ಲ. ಹೆಸರು ಹೇಳದಿದ್ರೆ ಈ ಪತ್ರ ನಂಬೋದು ಹೇಗೆ?”

ಮರಿವಿಕ್ ತುಟಿ ಬಿಚ್ಚಲಿಲ್ಲ. ಸೀಟು ಹೋಗುವುದು ಕಣ್ಣಿಗೆ ಕಾಣುತ್ತಿದೆ, ಆದರೂ ಹುಡುಗಿ ನನ್ನ ಹೆಸರು ಬಾಯಿಬಿಡುತ್ತಿಲ್ಲ! ನನಗೆ ಕೂತಿರಲು ಆಗಲಿಲ್ಲ. ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಒಳಗೆ ನುಗ್ಗಿದೆ.

“ನಾನು ಡಾಕ್ಟರಮ್ಮಾ, ಇವಳನ್ನ ಹೆತ್ತವಳು! ಒಂಬತ್ತೂ ನನ್ನ ಕೈಯವೇ. ಬೇಕಾದ್ರೆ ಈಗಲೇ ಹಾಕಿ ತೋರಿಸ್ತೀನಿ.”

“ಮಗಳಿಗೆ ಗೊತ್ತಿತ್ತಾ?”

“ಗೊತ್ತಿದ್ದಿದ್ರೆ ಪೆನ್ನು ಕಿತ್ಕೋತಿದ್ಲು.”

ಮೂಲೆಯ ಮುದುಕ ಡಾಕ್ಟರು ನಗು ತಡೆಯಲು ಕೆಮ್ಮಿದರು. ಡಾಕ್ಟರಮ್ಮ ನಗಲಿಲ್ಲ. ಒಂದು ಹಾಳೆ ಮುಂದಿಟ್ಟು ಎಲ್ಲವನ್ನೂ ಬರೆಸಿಕೊಂಡರು. ಕೆಳಗೆ ನನ್ನದೇ ಹೆಸರಿನ ರುಜು ಹಾಕಿದೆ.

ಹತ್ತು ದಿನಕ್ಕೆ ಪತ್ರ ಬಂತು. ಸೀಟು ಕೊಟ್ಟಿದ್ದರು! ತರಗತಿ ಶುರುವಾಗುವ ಮೊದಲು ಕಡಿಮೆ ಬಿದ್ದ ಇಪ್ಪತ್ತನಾಲ್ಕು ಗಂಟೆ ಸೇವೆ ಮುಗಿಸಬೇಕು, ಅಷ್ಟೇ. ಬೀದಿಯವರಿಗೆಲ್ಲ ಓದಿ ಹೇಳಿದೆ, ಕೇಳದವರನ್ನು ನಿಲ್ಲಿಸಿ ಹೇಳಿದೆ. ಆದರೆ ಆ ಕೋಣೆಯಲ್ಲಿ ಅವಳು ತುಟಿ ಬಿಗಿದು ನಿಂತಿದ್ದು ನೆನಪಾದಾಗ ಉಬ್ಬುವಷ್ಟು ನನ್ನ ಎದೆ ಸೀಟು ಸಿಕ್ಕಿದ್ದಕ್ಕೂ ಉಬ್ಬಲಿಲ್ಲ.

ಸೇವೆಯ ಮೊದಲ ಬೆಳಗ್ಗೆ ನಾವು ಕೂತಿದ್ದ ಜೀಪ್ನಿ ಗಾಡಿ ದಾರಿಯಲ್ಲಿ ಕೆಟ್ಟಿತು. ಇಬ್ಬರೂ ಓಡೋಡಿ ಕೇಂದ್ರ ತಲುಪುವಾಗ ಬೆಳಗಿನ ಎಂಟು ದಾಟಿತ್ತು. ಅಭ್ಯಾಸಬಲದಿಂದ ನಾನು ಹಾಜರಿ ಪುಸ್ತಕದ ಪೆನ್ನಿಗೆ ಕೈ ಹಾಕಿದೆ. ಮರಿವಿಕ್ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

“ಎಂಟು ಗಂಟೆ ಅಂತ ಬರಿಯಮ್ಮಾ ಡಾಕ್ಟರೇ,” ಎಂದಳು ಸೂಲಗಿತ್ತಿ ಡೆಲ್ಸಾ, ನಮ್ಮೆಲ್ಲರ ಹಿರಿಯಕ್ಕ. “ಹದಿನಾಲ್ಕು ನಿಮಿಷದಲ್ಲಿ ಯಾವ ಮಗು ಬೆಳೆದುಬಿಡತ್ತೆ?”

ಮರಿವಿಕ್ ನಕ್ಕಳು. ಎಂಟು ಹದಿನಾಲ್ಕು ಎಂದು ಬರೆದು, ರುಜು ಹಾಕಿ, ಪೆನ್ನನ್ನು ನನ್ನ ಕೈಗಿಟ್ಟು ತಕ್ಕಡಿ ಕಟ್ಟಲು ಹೋದಳು. ನಾನೇನು ಬರೆಯುತ್ತೇನೆಂದು ತಿರುಗಿಯೂ ನೋಡಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ನಾನು ಎಂಟು ಗಂಟೆ ಬಿಟ್ಟು ಬೇರೇನೂ ಬರೆದವಳಲ್ಲ. ಅವತ್ತು ಅವಳ ಸಾಲಿನ ಕೆಳಗೆ ನಾನೂ ಎಂಟು ಹದಿನಾಲ್ಕು ಎಂದು ಬರೆದೆ.